ಕಲ್ಲಿನ ಹಿಂದೆ ನಿಂತ ನೀರು: ತೋಟದ ಮನೆಯ ಟ್ಯಾಂಕಿಗೆ ಅಲೆ ಕೊಟ್ಟ ಕಥೆ

ಫೆಬ್ರವರಿ, ಮಾರ್ಚಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಓಡಿಸುವಾಗ ನಾವು ಗಿಡಗಳ ನಡುವೆ ಅಲ್ಲಲ್ಲಿ ಖಾಲಿ ಡಬ್ಬ ಇಟ್ಟು ಬರುತ್ತೇವೆ. ಸಂಜೆ ಹೋಗಿ ಯಾವ ಡಬ್ಬದಲ್ಲಿ ಎಷ್ಟು ನೀರು ಬಿದ್ದಿದೆ ನೋಡುತ್ತೇವೆ. ಒಂದು ಕಡೆ ತುಂಬಿ, ಇನ್ನೊಂದು ಕಡೆ ತಳ ಒದ್ದೆಯಾಗಿದ್ದರೆ ಜೆಟ್ ಜಾಗ ಬದಲಿಸಬೇಕು ಅಂತ ಅರ್ಥ. ಆಗ ಯಾರೂ ದೊಡ್ಡ ಮೋಟಾರ್ ತರಲು ಹೋಗುವುದಿಲ್ಲ. ಎರಡು ಜೆಟ್‌ಗಳ ನೀರು ಒಂದರ ಮೇಲೊಂದು ಬೀಳುವ ಹಾಗೆ ಮಾಡುತ್ತೇವೆ, ಅಷ್ಟೇ.

ಇಷ್ಟು ವರ್ಷದಿಂದ ಗೊತ್ತಿದ್ದ ಈ ವಿಷಯ ಹವಳ, ಮೀನು ಸಾಕಿದ ನನ್ನ ಉಪ್ಪುನೀರಿನ ಟ್ಯಾಂಕಿಗೂ ಸಲ್ಲುತ್ತದೆ ಅಂತ ಹೊಳೆಯಲು ಒಂದೂವರೆ ವರ್ಷ ಬೇಕಾಯಿತು.

ನಮ್ಮ ಮನೆ ಮಡಿಕೇರಿ ಹತ್ತಿರ, ತೋಟದೊಳಗೆ. ಹಾಲ್‌ನಲ್ಲಿ ನಾಲ್ಕು ಅಡಿಯ ಟ್ಯಾಂಕ್ ಇದೆ. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 200 ಲೀಟರ್ ನೀರು. ಕೆಳಗೆ ಕ್ಯಾಬಿನೆಟ್ಟಿನಲ್ಲಿ ಎರಡು ಅಡಿಯ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬರುವ ಸಣ್ಣ ತೊಟ್ಟಿ. ಅದರಲ್ಲಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹೀಟರ್ ಮತ್ತು ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್. ಬಯಲುಸೀಮೆಯವರು ನೀರು ತಣ್ಣಗಿಡುವ ಚಿಲ್ಲರ್‌ಗೆ ದುಡ್ಡು ಸುರಿಯುತ್ತಾರೆ. ನಮಗಿಲ್ಲಿ ಆ ತೊಂದರೆ ಇಲ್ಲ, ಹೀಟರೇ ವರ್ಷವಿಡೀ ದುಡಿಯುತ್ತದೆ.

ಒಳಗಿರುವುದೆಲ್ಲ ಮೆತ್ತನೆ ಹವಳ. ಒಂದು ದೊಡ್ಡ ಲೆದರ್ ಕೋರಲ್, ಮೂರು ಗುಂಪು ಝೊವಾಂತಿಡ್, ಒಂದಿಷ್ಟು ಮಶ್ರೂಮ್, ಒಂದು ಕ್ಸೆನಿಯಾ. ಗಟ್ಟಿ ಹವಳ ಮತ್ತು ಸೀ ಫ್ಯಾನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅವನ್ನು ಮನೆಯಲ್ಲಿ ಇಡುವಂತಿಲ್ಲ, ಇಡಲೂಬಾರದು. ಕಲ್ಲು ಕೂಡ ಸಮುದ್ರದ್ದಲ್ಲ, ಮನುಷ್ಯರು ಮಾಡಿದ ಸೆರಾಮಿಕ್ ಕಲ್ಲು.

ತೊಂದರೆ ಶುರುವಾಗಿದ್ದು ಕಲ್ಲಿನ ಹಿಂದೆ. ಬಲಗಡೆ ಗಾಜಿಗೆ ಗಂಟೆಗೆ 8000 ಲೀಟರ್ ತಳ್ಳುವ ಒಂದೇ ವೇವ್‌ಮೇಕರ್ (ನೀರಿನೊಳಗೆ ಹರಿವು ಎಬ್ಬಿಸುವ ಪಂಪ್) ಅಂಟಿಸಿದ್ದೆ. 200 ಲೀಟರ್ ಟ್ಯಾಂಕಿಗೆ ಅದು 40 ಪಟ್ಟು. ಮೆತ್ತನೆ ಹವಳಕ್ಕೆ 20 ಪಟ್ಟು ಇದ್ದರೂ ಸಾಕು ಅಂತಾರೆ, ಹಾಗಾಗಿ ಹರಿವು ಬೇಕಾದಷ್ಟಿದೆ ಅಂದುಕೊಂಡಿದ್ದೆ. ಆದರೆ ಲೆದರ್ ಕೋರಲ್ ಗಾಳಿಗೆ ಸಿಕ್ಕಿದ ಮರದ ಹಾಗೆ ಎಡಕ್ಕೆ ಬಾಗಿಕೊಂಡಿತು. ಬಲಬದಿಯ ಎಳೆಗಳು ಹೊರಗೆ ಬರುವುದನ್ನೇ ಬಿಟ್ಟವು. ಪಂಪಿನ ಎದುರು ಮರಳು ಎದ್ದು ತಳದ ಗಾಜು ಕಾಣುತ್ತಿತ್ತು. ಕಲ್ಲಿನ ಹಿಂದೆ ಮಾತ್ರ ಮರಳಿನ ಮೇಲೆ ಕೆಂಪು ಪೊರೆ, ಕೈಯಲ್ಲಿ ಎಳೆದರೆ ಹಾಳೆ ಹಾಗೆ ಬರುವ ಸಯನೋಬ್ಯಾಕ್ಟೀರಿಯಾ. ವಾರಕ್ಕೊಮ್ಮೆ ಪೈಪಿನಲ್ಲಿ ಎಳೆದು ತೆಗೆಯುತ್ತಿದ್ದೆ. ಮುಂದಿನ ವಾರ ಮತ್ತೆ ಅಲ್ಲೇ ಬರುತ್ತಿತ್ತು.

ಹವಳಕ್ಕೆ ಮೀನಿನ ಹಾಗೆ ಕಿವಿರು ಇಲ್ಲ. ಅದರ ಮೈಗೆ ತಾಗಿಕೊಂಡು ನಿಂತ ನೀರಿನ ತೆಳು ಪದರ ಒಂದಿರುತ್ತದೆ. ಆಮ್ಲಜನಕ ಒಳಗೆ ಹೋಗುವುದಾದರೂ, ಕಸ ಹೊರಗೆ ಬರುವುದಾದರೂ ಆ ಪದರ ದಾಟಿಯೇ ಆಗಬೇಕು. ಸುತ್ತ ನೀರು ಓಡಾಡಿದಷ್ಟೂ ಪದರ ತೆಳುವಾಗುತ್ತದೆ. ಹಗಲಲ್ಲಿ ಇದು ತಿರುಗುಮುರುಗಾಗುತ್ತದೆ. ಹವಳದ ಮೈಯೊಳಗೆ ಇರುವ ಪಾಚಿ ಬೆಳಕಲ್ಲಿ ಆಮ್ಲಜನಕ ತಯಾರಿಸುವುದರಿಂದ, ಜಾಸ್ತಿಯಾದದ್ದನ್ನು ಹೊರಗೆ ಹಾಕಬೇಕಾಗುತ್ತದೆ. ನನ್ನ ಕ್ಸೆನಿಯಾ ದಿನವಿಡೀ ಸಣ್ಣ ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಲೇ ಇರುತ್ತದೆ, ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅದು ಯಾಕೆ ಅಂತ ಇಸ್ರೇಲಿನ ವಿಜ್ಞಾನಿಗಳು ಕೆಂಪು ಸಮುದ್ರದಲ್ಲಿ ಅದರ ಹತ್ತಿರದ ಜಾತಿಯನ್ನು ನೋಡಿ 2013ರಲ್ಲಿ ಬರೆದಿದ್ದಾರೆ. ಹಾಗೆ ಬಡಿಯುವುದರಿಂದ ಮೈ ಹತ್ತಿರ ಸೇರಿದ ಆಮ್ಲಜನಕ ತೊಳೆದು ಹೋಗುತ್ತದೆ, ಬೆಳಕಿನ ಅಡುಗೆ (ದ್ಯುತಿಸಂಶ್ಲೇಷಣೆ) ಚುರುಕಾಗುತ್ತದೆ. ಕ್ಸೆನಿಯಾ ತನ್ನ ಅಲೆಯನ್ನು ತಾನೇ ಮಾಡಿಕೊಳ್ಳುತ್ತದೆ. ಲೆದರ್‌ಗೆ ಆ ಶಕ್ತಿ ಇಲ್ಲ. ಅದು ಆಗಾಗ ಮೈಮೇಲೆ ಮೇಣದಂಥ ಪೊರೆ ಬಿಡುತ್ತದೆ. ಅದನ್ನು ಎಳೆದು ಒಯ್ಯಲು ನೀರೇ ಬೇಕು, ಅದೂ ಎಲ್ಲ ಬದಿಯಿಂದ.

ನಮ್ಮ ಎತ್ತರದ್ದೂ ಒಂದು ಲೆಕ್ಕ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರಹತ್ತಿರ ನೂರಕ್ಕೆ 13ರಷ್ಟು ಕಡಿಮೆ. 25 ಡಿಗ್ರಿಯ ಸಮುದ್ರದ ನೀರು ಕರಾವಳಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, ಇಲ್ಲಿ 5.9ರ ಹತ್ತಿರ ನಿಲ್ಲುತ್ತದೆ. ಬೆಟ್ಟದ ಮೇಲೆ ಟ್ಯಾಂಕ್ ಇಟ್ಟವರು ನೀರಿನ ಮೇಲ್ಮೈ ಸದಾ ಕುಣಿಯುವ ಹಾಗೆ ನೋಡಿಕೊಳ್ಳಬೇಕು. ನಮಗೆ ಉಳಿಕೆ ಕಡಿಮೆ.

ಸರಿ, ಡಬ್ಬ ಇಡೋಣ ಅಂದುಕೊಂಡೆ. ಹರಿವು ಅಳೆಯಲು ಸಮುದ್ರ ವಿಜ್ಞಾನಿಗಳು ಬಳಸುವ ಹಳೆಯ ಉಪಾಯ ಒಂದಿದೆ. ಪ್ಲಾಸ್ಟರ್ ಗಟ್ಟಿಯನ್ನು ನೀರಿನಲ್ಲಿಟ್ಟು ಎಷ್ಟು ಕರಗಿತು ಅಂತ ತೂಗುವುದು. ಹರಿವು ಜಾಸ್ತಿ ಇದ್ದಲ್ಲಿ ಜಾಸ್ತಿ ಕರಗುತ್ತದೆ. ಬಣ್ಣ ಬೆರೆಸದ ಪ್ಲಾಸ್ಟರ್ ಆಫ್ ಪ್ಯಾರಿಸ್ ತಂದು, ಕಲಸಿ, ಐಸ್ ಟ್ರೇಯಲ್ಲಿ ಹುಯ್ದೆ. ಗುಳ್ಳೆ ಇರಬಾರದು, ಹಾಗಾಗಿ ಇಡ್ಲಿ ಹಿಟ್ಟು ಹುಯ್ದ ತಟ್ಟೆ ತಟ್ಟುವ ಹಾಗೆ ಟ್ರೇಯನ್ನು ಕಟ್ಟೆಗೆ ಮೆಲ್ಲಗೆ ತಟ್ಟಿದೆ. ಒಣಗಿಸುವುದೇ ದೊಡ್ಡ ಕೆಲಸ. ಒಳಗೆ ಸ್ವಲ್ಪ ಪಸೆ ಉಳಿದರೂ ತೂಕ ಸುಳ್ಳಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿ ಪಕ್ಕ ನಾಲ್ಕು ದಿನ ಇಟ್ಟೆ. ಬೆಂಕಿಗೆ ತೀರಾ ಹತ್ತಿರ ಇಟ್ಟರೆ ಪ್ಲಾಸ್ಟರ್ ತನ್ನೊಳಗಿನ ನೀರನ್ನೂ ಬಿಟ್ಟು ಪುಡಿಯಾಗುತ್ತದೆ. ಬೆಚ್ಚಗಿದ್ದರೆ ಸಾಕು.

"ಅಟ್ಟದಲ್ಲಿ ಅದೆಂಥ ಬೆಳ್ಳಗೆ? ಮಕ್ಕಳು ಕಲ್ಲುಸಕ್ಕರೆ ಅಂತ ತಿಂದುಬಿಟ್ಟಾರು ನೋಡು" ಅಂದರು ಅತ್ತೆ. ಒಂದು ಡಬ್ಬಕ್ಕೆ ಹಾಕಿ ಮೇಲೆ ಹೆಸರು ಬರೆದಿಟ್ಟೆ.

ಒಂದೊಂದನ್ನೂ ಉಜ್ಜಿ ಸರಿಯಾಗಿ 10 ಗ್ರಾಂಗೆ ತಂದೆ. ಐದನ್ನು ಟ್ಯಾಂಕಿನ ಐದು ಜಾಗದಲ್ಲಿ ಮೀನಿನ ಗಾಳದ ದಾರ ಕಟ್ಟಿ ಇಳಿಬಿಟ್ಟೆ. ಆರನೆಯದನ್ನು ಅದೇ ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ, ಅಲುಗಾಡದ ಹಾಗೆ ಇಟ್ಟೆ. ರಾತ್ರಿ ಎಂಟಕ್ಕೆ ಹಾಕಿ ಬೆಳಗ್ಗೆ ಎಂಟಕ್ಕೆ ತೆಗೆದೆ. ಮತ್ತೆ ನಾಲ್ಕು ದಿನ ಅಟ್ಟ.

ಪಂಪಿನ ಎದುರಿನದು 4.1 ಗ್ರಾಂ ಕರಗಿತ್ತು. ಕಲ್ಲಿನ ತುದಿಯದು 2.9, ಎಡ ಮುಂಭಾಗದ್ದು 2.2. ಕಲ್ಲಿನ ಹಿಂದೆ ಎಡಕ್ಕೆ ಇಟ್ಟದ್ದು 0.7, ಹಿಂದೆ ಬಲಮೂಲೆಯದು 0.9. ಬಕೆಟ್ಟಿನದು 0.5.

ಆ ಕೊನೆಯ ಅಂಕಿ ನೋಡಿ ಬೇಜಾರಾಯಿತು. ಗಂಟೆಗೆ 8000 ಲೀಟರ್ ತಳ್ಳುವ ಪಂಪ್ ಹಗಲುರಾತ್ರಿ ಓಡುತ್ತಿದ್ದರೂ ಕಲ್ಲಿನ ಹಿಂದಿನ ಜಾಗ ಹೆಚ್ಚುಕಡಿಮೆ ಬಕೆಟ್ ಇದ್ದ ಹಾಗೇ ಇತ್ತು.

ಒಂದು ಎಚ್ಚರಿಕೆ. ಪ್ಲಾಸ್ಟರ್ ಕರಗಿದರೆ ನೀರಿಗೆ ಕ್ಯಾಲ್ಸಿಯಂ, ಸಲ್ಫೇಟ್ ಸೇರುತ್ತದೆ. ಐದರಿಂದ ಸೇರಿ 11 ಗ್ರಾಂ ಅಂದರೆ 200 ಲೀಟರ್ ನೀರಿನಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ ಕ್ಯಾಲ್ಸಿಯಂ, ಅದೇನೂ ಭಾರಿ ಅಲ್ಲ. ಸಣ್ಣ ಟ್ಯಾಂಕಿನವರು ಗಟ್ಟಿಗಳನ್ನು ಇನ್ನೂ ಸಣ್ಣದು ಮಾಡಿಕೊಳ್ಳಿ.

ಮೊದಲು ನನ್ನ ಮನಸ್ಸು ಹೋಗಿದ್ದು ನೀರು ಸುರಿಯುವ ಕ್ಯಾನ್ ಕಡೆ. ಹವಾಯಿಯ ವೈಕಿಕಿ ಅಕ್ವೇರಿಯಂನ ಬ್ರೂಸ್ ಕಾರ್ಲ್‌ಸನ್ ಹೆಸರಲ್ಲಿ ಅದನ್ನು ಕಾರ್ಲ್‌ಸನ್ ಸರ್ಜ್ ಅಂತಲೇ ಕರೆಯುತ್ತಾರೆ. ಟ್ಯಾಂಕಿಗಿಂತ ಮೇಲೆ ಒಂದು ಪಾತ್ರೆ, ಅದಕ್ಕೆ ಸಣ್ಣ ಪಂಪಿನಿಂದ ನೀರು ಏರುತ್ತದೆ. ಒಳಗೆ ಬಗ್ಗಿದ ಪೈಪ್. ನೀರು ಬಗ್ಗು ದಾಟಿದ ಕೂಡಲೇ ಸೈಫನ್ ಹಿಡಿದು ಎಲ್ಲವೂ ಒಮ್ಮೆಲೇ ಸುರಿಯುತ್ತದೆ. ಖಾಲಿಯಾದಾಗ ಗಾಳಿ ಹೊಕ್ಕು ನಿಲ್ಲುತ್ತದೆ, ಮತ್ತೆ ತುಂಬುತ್ತದೆ. ಆ ಪಂಪ್ ಬಿಟ್ಟರೆ ಚಲಿಸುವ ಭಾಗ ಒಂದೂ ಇಲ್ಲ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿದಾಗ ನಾನು ಕಂಡದ್ದು ಇಂಥದೇ ನೀರು. ಬಂಡೆ ಮೇಲಿನದೆಲ್ಲ ಒಂದು ಸಲ ಅತ್ತ, ಉಸಿರು ಹಿಡಿದ ಹಾಗೆ ಒಂದು ಕ್ಷಣ ಸುಮ್ಮನೆ, ಆಮೇಲೆ ಇತ್ತ.

20 ಲೀಟರಿನ ಕ್ಯಾನ್, ಒಂದೂವರೆ ಇಂಚಿನ ಪಿವಿಸಿ ಪೈಪ್, ನಾಲ್ಕು ಎಲ್ಬೋ. ಮೊದಲ ದಿನ ಸೈಫನ್ ಹಿಡಿಯಲೇ ಇಲ್ಲ. ಪಂಪ್ ಸಣ್ಣದಾಗಿತ್ತು, ನೀರು ಬಗ್ಗಿನ ಮೇಲಿಂದ ಸುಮ್ನೆ ಸೋರಿ ಹೋಗುತ್ತಿತ್ತು. ಏರುವ ವೇಗ ಒಂದು ಮಟ್ಟಕ್ಕಿಂತ ಜಾಸ್ತಿ ಇರಬೇಕು, ಇಲ್ಲವಾದರೆ ಪೈಪಿನ ಗಾಳಿ ಹೊರಗೆ ಹೋಗುವುದಿಲ್ಲ. ದೊಡ್ಡ ಪಂಪ್ ಹಾಕಿದ ಮೇಲೆ ಕೆಲಸ ಮಾಡಿತು. ಲೆದರ್ ಇಡೀ ತಲೆ ಅಲ್ಲಾಡಿಸಿದ್ದನ್ನು ಅವತ್ತೇ ಮೊದಲು ಕಂಡೆ.

ಆದರೆ ಟ್ಯಾಂಕಿನ ಮೇಲ್ಮೈ 5400 ಚದರ ಸೆಂಟಿಮೀಟರ್. ಒಂದು ಸೆಂಟಿಮೀಟರ್ ಏರಿದರೆ 5.4 ಲೀಟರ್. 20 ಲೀಟರ್ ಒಮ್ಮೆಲೇ ಬಂದರೆ ನೀರು ಮೂರೂವರೆ ಸೆಂಟಿಮೀಟರಿಗಿಂತ ಜಾಸ್ತಿ ಏರುತ್ತದೆ. ನನ್ನ ಗಾಜಿಗೆ ಉಳಿದ ಅಂಚು ನಾಲ್ಕು ಸೆಂಟಿಮೀಟರ್. ಜೊತೆಗೆ ಪ್ರತಿ ಸಲ ಕೊನೆಗೆ ಗೊಳಗೊಳ ಸದ್ದು, ಹಾಲಿನಂಥ ಸಣ್ಣ ಗುಳ್ಳೆ. ಗುಳ್ಳೆ ತಾಗಿ ಝೊವಾಂತಿಡ್ ಮುಚ್ಚಿಕೊಂಡವು. ಉಪ್ಪಿನ ಹನಿ ಮರದ ಅಟ್ಟಕ್ಕೆ ಹಾರಿ ಬಿಳಿ ಗೀಟು ಬಿತ್ತು. ನಾಲ್ಕನೇ ದಿನ ಬಿಚ್ಚಿದೆ. ಜಾಗ ಇದ್ದವರು, ಟ್ಯಾಂಕನ್ನು ಬೇರೆ ಕೋಣೆಯಲ್ಲಿ ಇಟ್ಟವರು ಖಂಡಿತ ಮಾಡಿ ನೋಡಬೇಕು. ಹಾಲ್‌ನಲ್ಲಿ ಮಲಗುವವರಿದ್ದರೆ ಬೇಡ.

ಆಮೇಲೆ ಮಾಡಿದ್ದು ಎರಡು ಸಣ್ಣ ಪಂಪ್. 12ರಿಂದ 24 ವೋಲ್ಟಿನ ಡಿಸಿ ವೇವ್ ಪಂಪ್, ತಲಾ ಗಂಟೆಗೆ 4000 ಲೀಟರ್, 12 ವೋಲ್ಟಿನಲ್ಲಿ ಸುಮಾರು 10 ವ್ಯಾಟ್. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಟುಕೊಳ್ಳಿ. ಒಳಗೆ ತಿರುಗುವ ರೆಕ್ಕೆ, ಅಂದರೆ ಇಂಪೆಲ್ಲರ್ ಹೊರಗೆ ಎಳೆದರೆ ನಡುವಿನ ಕಡ್ಡಿ ಬೆಳ್ಳಗೆ, ಸೆರಾಮಿಕ್ ಇರಬೇಕು. ಕಬ್ಬಿಣದ ಕಡ್ಡಿಯೋ ಸ್ಕ್ರೂವೋ ಇದ್ದರೆ ಉಪ್ಪುನೀರಿನಲ್ಲಿ ತಿಂಗಳೊಳಗೆ ತುಕ್ಕು. ನನಗೆ ಮೊದಲು ಬಂದ ಜೋಡಿಯಲ್ಲಿ ಒಂದರ ಹಿಡಿಯ ಸ್ಕ್ರೂ ಅಯಸ್ಕಾಂತಕ್ಕೆ ಟಪ್ಪನೆ ಅಂಟಿತು. ವಾಪಸ್ ಕಳಿಸಿ ಬೇರೆ ತರಿಸಿದೆ.

ಇವೆರಡನ್ನೂ ಒಂದಾದ ಮೇಲೊಂದು ಓಡಿಸಲು ಆರ್ಡುಯಿನೊ ನ್ಯಾನೊ ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್ ಹಾಕಿದೆ. ಪಂಪಿಗೊಂದರಂತೆ ಎರಡು ಮಾಸ್‌ಫೆಟ್, ಅಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್. ರಿಲೇ ಕೂಡ ಆಗುತ್ತದೆ, ಆದರೆ ನಿಮಿಷಕ್ಕೊಮ್ಮೆ ಟಕ್ ಟಕ್ ಕೇಳಿಸಿಕೊಂಡು ಊಟ ಮಾಡುವುದು ಕಷ್ಟ ಅಲ್ವಾ. ಇಲ್ಲಿ ಎರಡು ದಿನ ಹಾಳಾಯಿತು. ಪಂಪ್ ಓಡುತ್ತಿತ್ತು, ಆದರೆ ಸುಸ್ತಾದ ಹಾಗೆ. ಮಾಸ್‌ಫೆಟ್ ಮುಟ್ಟಿದರೆ ಬಿಸಿ. ಪರಿಚಯದ ಎಲೆಕ್ಟ್ರಿಷಿಯನ್ ಹುಡುಗ ಬಂದು ಮೊಬೈಲ್ ಬೆಳಕು ಬಿಟ್ಟು ಮೇಲಿನ ಅಕ್ಷರ ಓದಿದ.

"ಅಕ್ಕಾ, ನೀವು ಐಆರ್‌ಎಲ್ ಕೇಳಿದ್ರಲ್ವಾ? ಇದು ಐಆರ್‌ಎಫ್."

ನಾನು ಕೇಳಿದ್ದು ಐಆರ್‌ಎಲ್‌ಝಡ್44ಎನ್. ಅಂಗಡಿಯಿಂದ ಬಂದದ್ದು ಐಆರ್‌ಎಫ್‌ಝಡ್44ಎನ್. ಒಂದೇ ಅಕ್ಷರದ ವ್ಯತ್ಯಾಸ. ಎಲ್ ಇರುವುದು ನ್ಯಾನೊ ಕೊಡುವ 5 ವೋಲ್ಟಿಗೇ ಪೂರ್ತಿ ತೆರೆದುಕೊಳ್ಳುತ್ತದೆ. ಎಫ್ ಇರುವುದಕ್ಕೆ 10 ವೋಲ್ಟ್ ಬೇಕು, 5ಕ್ಕೆ ಅರ್ಧಂಬರ್ಧ ತೆರೆದು ತಾನೇ ಕಾಯುತ್ತದೆ. ಬದಲಿಸಿದ ಮೇಲೆ ತಣ್ಣಗೆ ಕೂತಿದೆ. ಮಾಸ್‌ಫೆಟ್‌ನ ಗೇಟಿನಿಂದ (ನ್ಯಾನೊದ ಸಂಕೇತ ಬರುವ ಕಾಲು) ಗ್ರೌಂಡ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಲು ಮರೆಯಬೇಡಿ. ಇಲ್ಲವಾದರೆ ನ್ಯಾನೊ ಎದ್ದೇಳುವ ಹೊತ್ತಿಗೆ ಪಂಪ್ ತನ್ನಷ್ಟಕ್ಕೆ ತಿರುಗುತ್ತದೆ.

ಪ್ರೋಗ್ರಾಂ ಸಣ್ಣದು. ಎಡ ಪಂಪ್ 20ರಿಂದ 90 ಸೆಕೆಂಡಿನ ನಡುವೆ ಮನಸ್ಸಿಗೆ ಬಂದಷ್ಟು ಹೊತ್ತು ಓಡುತ್ತದೆ. ಆಮೇಲೆ ಎರಡೂ ಸೇರಿ 8 ಸೆಕೆಂಡ್. ಈ 8 ಸೆಕೆಂಡ್ ನನಗೆ ಬಹಳ ಇಷ್ಟ. ಎರಡು ಧಾರೆ ಕಲ್ಲಿನ ಮೇಲೆ ಡಿಕ್ಕಿ ಹೊಡೆದು ನೀರು ಎಲ್ಲ ಕಡೆಗೆ ಚದುರುತ್ತದೆ. ಆಮೇಲೆ ಬಲದ್ದು, ನಂತರ 5 ಸೆಕೆಂಡ್ ಎರಡೂ ಸುಮ್ಮನೆ. ಪ್ರತಿ ಸುತ್ತೂ ಬೇರೆ ಅಳತೆ. ಮೀನಿಗೆ ಊಟ ಹಾಕುವಾಗ ಒಂದು ಬಟನ್ ಒತ್ತಿದರೆ 10 ನಿಮಿಷ ನಿಲ್ಲುತ್ತದೆ. ಎಡದ್ದನ್ನು ಮೇಲೆ, ಮೂತಿ ಸ್ವಲ್ಪ ಆಕಾಶಕ್ಕೆ ಮಾಡಿ ಇಟ್ಟೆ, ಮೇಲ್ಮೈ ಅಲುಗಲಿ ಅಂತ. ಬಲದ್ದನ್ನು ಹಿಂದಿನ ಗಾಜಿನ ಹತ್ತಿರ, ಅರ್ಧ ಎತ್ತರದಲ್ಲಿ. ಯಾವುದೂ ನೇರ ಹವಳದ ಮುಖಕ್ಕೆ ಹೊಡೆಯುವುದಿಲ್ಲ.

ಕಲ್ಲಿನ ಹಿಂದಿನ ಮೂಲೆಗೆ ರಿಟರ್ನ್ ಪೈಪನ್ನೇ ತಿರುಗಿಸಿದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಕಲ್ಲಿನ ಹಿಂದೆ ಮರಳಿನ ಸ್ವಲ್ಪ ಮೇಲೆ ಅಡ್ಡ ಮಲಗಿಸಿ, ತುದಿ ಮುಚ್ಚಿ, 6 ಮಿಲಿಮೀಟರಿನ ತೂತು ಕೊರೆದೆ. ಪೈಪಿನ ಒಳಗಿನ ಅಗಲ 20 ಮಿಲಿಮೀಟರ್ ಅಂದರೆ ಬಾಯಿ 314 ಚದರ ಮಿಲಿಮೀಟರ್. ಒಂದು ತೂತು 28. ಹನ್ನೊಂದು ತೂತಿಗೆ ಲೆಕ್ಕ ಸರಿ. ಅದಕ್ಕಿಂತ ಜಾಸ್ತಿ ಕೊರೆದರೆ ನೀರು ಚಿಮ್ಮದೆ ಸೋರುತ್ತದೆ. ನಾನು ಹತ್ತಕ್ಕೆ ನಿಲ್ಲಿಸಿದೆ. ಕೊರೆದ ಅಂಚನ್ನು ಚಾಕುವಿನಿಂದ ಕೆರೆದು, ಒಳಗಿನ ಪುಡಿ ತೊಳೆದೆ. ನೀರಿನ ಒಳಗಿರುವ ಜೋಡಣೆಗೆ ಸಾಲ್ವೆಂಟ್ ಹಚ್ಚಲಿಲ್ಲ. ಒತ್ತಿ ಕೂರಿಸಿದರೆ ಸಾಕು, ತೊಳೆಯಲು ಬಿಚ್ಚಲೂ ಆಗುತ್ತದೆ.

ಈ ಪೈಪಿನಲ್ಲೇ ದೊಡ್ಡ ಅಪಾಯ ಇತ್ತು. ಕರೆಂಟ್ ಹೋದಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಸಂಪ್‌ಗೆ ಇಳಿಯುತ್ತದೆ. ಪೈಪ್ ತಳದಲ್ಲಿದ್ದರೆ ಬಹುಪಾಲು ಟ್ಯಾಂಕೇ ಇಳಿದೀತು. ಅದಕ್ಕೆಂದು ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಂತ ಪೈಪಿಗೆ 4 ಮಿಲಿಮೀಟರಿನ ಒಂದು ತೂತು ಮಾಡಿದ್ದೆ. ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಹೊಕ್ಕು ಸೈಫನ್ ಮುರಿಯಬೇಕು. ಮೂರನೇ ರಾತ್ರಿ ಒಂದು ಗಂಟೆಗೆ ಕರೆಂಟ್ ಹೋಯಿತು. ನೀರು ನೆಲಕ್ಕೆ ಬೀಳುವ ಸದ್ದಿಗೆ ಎಚ್ಚರಾಯಿತು. ಟಾರ್ಚ್ ಹಿಡಿದು ನೋಡಿದರೆ ಆ ತೂತಿನ ಮೇಲೆ ಕಡಲೆಕಾಳಿನಷ್ಟು ಒಂದು ಬಸವನಹುಳು ಸರಿಯಾಗಿ ಕೂತಿದೆ. ಕೂಡಲೇ ಬಾಲ್ ವಾಲ್ವ್ ತಿರುಗಿಸಿದೆ. ಅಷ್ಟರಲ್ಲಿ ಒಂದು ಬಕೆಟ್ಟಿನಷ್ಟು ಉಪ್ಪುನೀರು ನೆಲದ ಮೇಲಿತ್ತು. ಇವರೂ ಎದ್ದು ಬಂದು ಗೋಣಿಚೀಲ ಹಾಸಿದರು, ಇಬ್ಬರೂ ಒರೆಸಿದೆವು.

ಈಗ ಪೈಪಿನ ಎರಡೂ ಬದಿಯಲ್ಲಿ 6 ಮಿಲಿಮೀಟರಿನ ಎರಡು ತೂತು, ಬೇರೆ ಬೇರೆ ಎತ್ತರದಲ್ಲಿ. ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜುತ್ತೇನೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಾಕಿ ಅಂತ ಕೆಲವರು ಹೇಳಿದರು. ಉಪ್ಪುನೀರಿನಲ್ಲಿ ಅದರ ಬಾಯಿಗೆ ಪಾಚಿ, ಸುಣ್ಣ ಕಟ್ಟುತ್ತದೆ, ನಾನು ನಂಬುವುದಿಲ್ಲ. ಪ್ಲಗ್‌ಗೆ ಹೋಗುವ ಎಲ್ಲ ವೈರನ್ನೂ ಒಮ್ಮೆ ಕೆಳಕ್ಕೆ ಜೋತುಬಿಟ್ಟು ಮೇಲೆ ಒಯ್ದಿದ್ದೇನೆ, ಇಳಿದ ಹನಿ ಅಲ್ಲೇ ತೊಟ್ಟಿಕ್ಕಲಿ ಅಂತ. ಕರೆಂಟ್ ಸೋರಿದರೆ ಕೂಡಲೇ ಕಡಿದುಬಿಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಸ್ವಿಚ್ ಮೊದಲಿನಿಂದಲೂ ಇದೆ. ಅದಿಲ್ಲದೆ ಯಾರೂ ಉಪ್ಪುನೀರಿಗೆ ಕೈ ಹಾಕಬಾರದು.

ಮೂರು ವಾರ ಬಿಟ್ಟು ಪ್ಲಾಸ್ಟರ್ ಗಟ್ಟಿಗಳನ್ನು ಅದೇ ಜಾಗಗಳಲ್ಲಿ ಮತ್ತೆ ಇಳಿಬಿಟ್ಟೆ. ಅದೇ 12 ಗಂಟೆ. ಬಲಗಡೆ, ಹಳೆಯ ಪಂಪಿನ ಎದುರಿನ ಜಾಗ 2.7. ಕಲ್ಲಿನ ತುದಿ 2.5. ಎಡ ಮುಂಭಾಗ 2.3. ಹಿಂದೆ ಎಡ 1.8, ಹಿಂದೆ ಬಲಮೂಲೆ 1.9. ವೇವ್ ಪಂಪಿನ ಹರಿವು ಅರ್ಧಕ್ಕೆ ಇಳಿದಿದೆ, ಹಿಂದಿನ ಜಾಗಕ್ಕೆ ತಲುಪುವುದು ಎರಡು ಪಟ್ಟಿಗಿಂತ ಜಾಸ್ತಿ. ಸ್ಪ್ರಿಂಕ್ಲರ್ ಡಬ್ಬಗಳು ಇಷ್ಟು ಹತ್ತಿರಹತ್ತಿರ ಬಂದರೆ ನಮ್ಮ ತೋಟದಲ್ಲಿ ಅವತ್ತು ಎಲ್ಲರಿಗೂ ಖುಷಿ. ಕೆಂಪು ಪೊರೆಯನ್ನು ಒಮ್ಮೆ ಪೂರ್ತಿ ಎಳೆದು ತೆಗೆದಿದ್ದೆ. ಮೂಲೆಯಲ್ಲಿ ರೂಪಾಯಿ ಅಗಲದಷ್ಟು ಬಿಟ್ಟರೆ ಮತ್ತೆ ಬಂದಿಲ್ಲ. ಪೂರ್ತಿ ಹರಿವಿನಿಂದಲೇ ಅಂತ ಹೇಳಲಾರೆ, ಆ ವಾರಗಳಲ್ಲಿ ಮೀನಿನ ಊಟವನ್ನೂ ಕಡಿಮೆ ಮಾಡಿದ್ದೆ. ಲೆದರ್ ಮಾತ್ರ ಎಂಟೇ ದಿನದಲ್ಲಿ ನೆಟ್ಟಗೆ ನಿಂತಿತು. ಒಂದು ಬೆಳಗ್ಗೆ ಮೈಯ ಮೇಣದ ಪೊರೆ ಚೂರುಚೂರಾಗಿ ಎದ್ದು ನೀರಿನಲ್ಲಿ ಹೋಗುವುದನ್ನು ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದೆ. ಸಂಜೆಗೆ ಬಲಬದಿಯ ಎಳೆಗಳು ಬಿಚ್ಚಿಕೊಂಡಿದ್ದವು. ಒಂದೂವರೆ ವರ್ಷದಲ್ಲಿ ಆ ಬದಿ ಅಷ್ಟು ಚೆನ್ನಾಗಿ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಡಿಸಿ ಪಂಪ್ ಆರಿಸಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಮಳೆಗಾಲ. ಜೂನ್, ಜುಲೈಯಲ್ಲಿ ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಆಗ ದೀಪ ಬೇಡ, ಸ್ಕಿಮ್ಮರ್ ಬೇಡ, ನೀರು ಅಲುಗಿದರೆ ಸಾಕು. 12 ವೋಲ್ಟ್, 26 ಆಂಪಿಯರ್ ಅವರ್ ಬ್ಯಾಟರಿಗೆ 13.7 ವೋಲ್ಟಿನ ಫ್ಲೋಟ್ ಚಾರ್ಜರ್ ಜೋಡಿಸಿ, ಪಂಪುಗಳಿಗೆ ಅಲ್ಲಿಂದಲೇ, ನಡುವೆ ಒಂದು ಫ್ಯೂಸ್ ಹಾಕಿ ಕೊಟ್ಟೆ. ಹಳೆಯ ಮೊಬೈಲ್ ಚಾರ್ಜರಿನಿಂದ ನ್ಯಾನೊದ ಒಂದು ಪಿನ್‌ಗೆ ತಂತಿ. ಅಲ್ಲಿ 5 ವೋಲ್ಟ್ ಇಲ್ಲದಿದ್ದರೆ ಕರೆಂಟ್ ಹೋಗಿದೆ ಅಂತ ಅದಕ್ಕೆ ತಿಳಿಯುತ್ತದೆ. ಆಗ ಮೇಲ್ಮೈ ಅಲುಗಿಸುವ ಎಡ ಪಂಪ್ ಮಾತ್ರ, ಒಂದು ನಿಮಿಷ ಓಡಿ ಒಂದು ನಿಮಿಷ ನಿಲ್ಲುತ್ತದೆ. ಸರಾಸರಿ 0.42 ಆಂಪಿಯರ್. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೂ 30 ಗಂಟೆ ಸಿಗುತ್ತದೆ.

ಜುಲೈ ಮೊದಲ ವಾರ ಪರೀಕ್ಷೆ ಬಂತು. 22 ಗಂಟೆ ಕರೆಂಟ್ ಇಲ್ಲ. ಟ್ಯಾಂಕಿಗೆ ಮೂರು ಬದಿಯಿಂದ ಕಂಬಳಿ ಸುತ್ತಿ, ಮೇಲೆ ಮಾತ್ರ ಬಿಟ್ಟೆ. ನೀರು 25.5 ಡಿಗ್ರಿಯಿಂದ 22ಕ್ಕೆ ಇಳಿಯಿತು. ಬ್ಯಾಟರಿ 12.3 ವೋಲ್ಟಿಗೆ ಬಂದಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡಲಿಲ್ಲ. ಕರೆಂಟ್ ಬಂದ ಮೇಲೆ ಹೀಟರ್ ನಿಧಾನಕ್ಕೆ ಏರಿಸಿತು. ಮರುದಿನ ಮಧ್ಯಾಹ್ನ ಝೊವಾಂತಿಡ್ ಎಲ್ಲ ಬಿಚ್ಚಿಕೊಂಡವು.

ಇನ್ನೂ ಎರಡು ಕೆಲಸ ಉಳಿದಿವೆ. ಎಡ ಪಂಪಿನ ರಬ್ಬರ್ ಕಪ್ ವಾರಕ್ಕೊಮ್ಮೆ ಜಾರುತ್ತದೆ, ಗಾಜಿನ ಆಚೆಈಚೆ ಹಿಡಿಯುವ ಅಯಸ್ಕಾಂತದ ಹಿಡಿ ಮೈಸೂರಿನಿಂದ ತರಿಸಬೇಕು. ಬಲ ಪಂಪಿನೊಳಗೆ ಸುಣ್ಣ ಕಟ್ಟಿ ಸದ್ದು ಶುರುವಾಗಿದೆ. ಈ ಭಾನುವಾರ ಬಿಚ್ಚಿ ವಿನೆಗರ್ ಬೆರೆಸಿದ ನೀರಲ್ಲಿ ಒಂದು ಗಂಟೆ ನೆನೆಸಿಡುತ್ತೇನೆ.